ಚಂದ್ರ ಹುಟ್ಟಿದ್ದು ಹೇಗೆ? ಕೊಪ್ಪಳದ ಬಂಡೆಗಳು ಮರೆತ ಕಥೆ

ಕೊಪ್ಪಳ: ಪ್ರತಿ ವರ್ಷ ಪುಷ್ಯ ಬಹುಳ ಬಿದಿಗೆಯಂದು ಇಲ್ಲಿನ ಗವಿಮಠದ ಮಹಾರಥೋತ್ಸವ ನಡೆಯುತ್ತದೆ. ತೇರು ನಿಲುಗಡೆಗೆ ಬಂದು, ಜನಸಾಗರ ಕರಗತೊಡಗುವ ಹೊತ್ತಿಗೆ ಪೂರ್ವದಲ್ಲಿ ಚಂದ್ರ ಮೂಡುತ್ತಾನೆ. ಹುಣ್ಣಿಮೆ ಕಳೆದು ಎರಡೇ ದಿನವಾದ್ದರಿಂದ ಬಿಂಬ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಆ ಬೆಳಕಿನಲ್ಲಿ ಮಠದ ಬೆಟ್ಟದ ಬಂಡೆಗಳು ಎಂದೆಂದಿನಿಂದಲೂ ಹೀಗೆಯೇ ಇದ್ದವೇನೋ ಎಂಬಂತೆ ಕಾಣುತ್ತವೆ.

ಈ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಅದಕ್ಕೆ ಸುಮಾರು 2200 ವರ್ಷ. ಶಾಸನ ಹೊತ್ತ ಬಂಡೆಗೆ? ಸುಮಾರು 250 ಕೋಟಿ ವರ್ಷ. ಮೇಲೆ ಬೆಳಗುವ ಚಂದ್ರನಿಗೆ? ಸುಮಾರು 440ರಿಂದ 450 ಕೋಟಿ ವರ್ಷ. ಅಂದರೆ ನಮ್ಮ ಕಣ್ಣಿಗೆ ಅನಾದಿಯಂತೆ ತೋರುವ ಕೊಪ್ಪಳ, ಗಂಗಾವತಿ, ಆನೆಗೊಂದಿಗಳ ಬಂಡೆಗಳು ಹುಟ್ಟುವ ವೇಳೆಗೆ ಚಂದ್ರ ತನ್ನ ಆಯುಷ್ಯದ ಹತ್ತಿರ ಹತ್ತಿರ ಅರ್ಧವನ್ನು ಕಳೆದಿದ್ದ.

ಭೂಮಿಯ ಬಾಲ್ಯದಲ್ಲಿ ನಡೆದ ಅತಿ ದೊಡ್ಡ ಘಟನೆಯೊಂದರ ಸಾಕ್ಷ್ಯ ನಮ್ಮ ನೆಲದಲ್ಲಿ ಉಳಿದಿಲ್ಲ. ಅದು ಉಳಿದಿರುವುದು ಚಂದ್ರನಲ್ಲಿ. ಆ ಸಾಕ್ಷ್ಯದ ಒಂದು ಸಾಲನ್ನು 2023ರಲ್ಲಿ ಬೆಂಗಳೂರಿನಿಂದ ನಿಯಂತ್ರಿತವಾದ ಪುಟ್ಟ ಬಂಡಿಯೊಂದು ಓದಿತು. ಆ ಘಟನೆ ಯಾವುದು, ವಿಜ್ಞಾನಿಗಳು ಅದನ್ನು ಹೇಗೆ ಪತ್ತೆ ಹಚ್ಚಿದರು, ನಮ್ಮ ಬದುಕಿಗೂ ಅದಕ್ಕೂ ಏನು ನಂಟು ಎಂಬುದರ ವಿವರ ಇಲ್ಲಿದೆ.

ಎಸೆದ ಕಲ್ಲುಗಳಲ್ಲ

ಗಂಗಾವತಿ, ಆನೆಗೊಂದಿ, ಹಂಪಿಗಳ ಸುತ್ತ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಕಲ್ಲುಗಳ ಬಗ್ಗೆ ಜನಜನಿತವಾದ ಕಥೆಯೊಂದಿದೆ. ವಾಲಿ ಸುಗ್ರೀವರ ಕಾಳಗದಲ್ಲಿ ವಾನರವೀರರು ಎಸೆದಾಡಿದ ಬಂಡೆಗಳಿವು ಎನ್ನುತ್ತಾರೆ ಹಿರಿಯರು. ಭೂವಿಜ್ಞಾನ ಹೇಳುವುದು ಬೇರೆ. ಇವು ಎಲ್ಲಿಂದಲೋ ಬಂದು ಬಿದ್ದವಲ್ಲ. ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಕೋಟ್ಯಂತರ ವರ್ಷಗಳಲ್ಲಿ ಮೇಲಿನ ನೆಲ ಸವೆದು ಅದು ಹೊರಗೆ ಕಾಣಿಸಿಕೊಂಡಿತು. ಬಿರುಕುಗಳಲ್ಲಿ ನೀರಿಳಿದು, ಅಂಚುಗಳು ಉದುರಿ, ಚೌಕ ಬಂಡೆಗಳು ಇದ್ದಲ್ಲಿಯೇ ಗುಂಡಗಾದವು.

ಗಂಗಾವತಿ, ಕುಷ್ಟಗಿ ಭಾಗಗಳನ್ನು ಹಾದುಹೋಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಕ್ಲೋಸ್‌ಪೇಟ್ ಎಂಬುದು ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಕಾವೇರಿ ಸೀಮೆಯಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ಚಾಚಿರುವ ಈ ಪಟ್ಟಿ ರಾಜ್ಯದ ಬೆನ್ನೆಲುಬಿನಂತಿದೆ.

ಬಂಡೆಯ ವಯಸ್ಸನ್ನು ಅಳೆಯುವ ಬಗೆಯೂ ಸ್ವಾರಸ್ಯಕರ. ಗ್ರಾನೈಟ್‌ನೊಳಗೆ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳಿರುತ್ತವೆ. ಹರಳು ರೂಪುಗೊಳ್ಳುವಾಗ ಅದು ಯುರೇನಿಯಂ ಪರಮಾಣುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಯುರೇನಿಯಂ ನಿಗದಿತ ವೇಗದಲ್ಲಿ ಸೀಸವಾಗಿ ಬದಲಾಗುತ್ತ ಹೋಗುತ್ತದೆ. ಯುರೇನಿಯಂ-238ರಲ್ಲಿ ಅರ್ಧ ಭಾಗ ಹೀಗೆ ಬದಲಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನಲ್ಲಿ ಈಗ ಎಷ್ಟು ಸೀಸವಿದೆ ಎಂದು ಅಳೆದರೆ ಅದು ಹುಟ್ಟಿದ ಕಾಲ ತಿಳಿಯುತ್ತದೆ.

ಕರ್ನಾಟಕದಲ್ಲಿ ಇದಕ್ಕಿಂತ ಹಳೆಯ ಶಿಲೆಗಳೂ ಇವೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಹಾಸನ ಜಿಲ್ಲೆಯ ಗೊರೂರಿನ ಸುತ್ತಲಿನ ಶಿಲೆಗಳು 330 ಕೋಟಿ ವರ್ಷದಷ್ಟು ಹಳೆಯವು. ಜಗತ್ತಿನ ಅತಿ ಪ್ರಾಚೀನ ಶಿಲೆಗಳ ಪೈಕಿ ಕೆನಡಾದ ಅಕಾಸ್ಟಾ ನದಿಯ ಬಳಿಯ ಬಂಡೆಗೆ ಸುಮಾರು 400 ಕೋಟಿ ವರ್ಷ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ದೊರೆತ ಜಿರ್ಕಾನ್ ಹರಳೊಂದರ ವಯಸ್ಸು 440 ಕೋಟಿ ವರ್ಷ. ಸೌರಮಂಡಲದ ವಯಸ್ಸಾದರೋ ಸುಮಾರು 456 ಕೋಟಿ ವರ್ಷ.

ನಡುವಿನ ಅವಧಿಯ ಬಂಡೆಗಳು ಎಲ್ಲಿ ಹೋದವು? ಭೂಮಿ ಅವನ್ನು ನುಂಗಿ ಜೀರ್ಣಿಸಿಕೊಂಡಿದೆ. ಇಲ್ಲಿ ಮಳೆ, ಗಾಳಿ, ನದಿಗಳು ನೆಲವನ್ನು ಸವೆಸುತ್ತಲೇ ಇರುತ್ತವೆ. ಭೂಫಲಕಗಳು ಒಂದರಡಿ ಒಂದು ಜಾರಿ ಹಳೆಯ ನೆಲವನ್ನು ಮತ್ತೆ ಕರಗಿಸುತ್ತವೆ. ಚಂದ್ರನಲ್ಲಿ ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಚಲಿಸುವ ಫಲಕಗಳೂ ಇಲ್ಲ. ಅಲ್ಲಿ ಬರೆದದ್ದು ಬಹುಕಾಲ ಅಳಿಯುವುದಿಲ್ಲ.

ಡಿಕ್ಕಿಗಳಿಂದಲೇ ಬೆಳೆದ ಭೂಮಿ

ಸೂರ್ಯ ಹುಟ್ಟಿದಾಗ ಅದರ ಸುತ್ತ ಅನಿಲ ಮತ್ತು ಧೂಳಿನ ಬಿಲ್ಲೆಯೊಂದು ತಿರುಗುತ್ತಿತ್ತು. ಧೂಳಿನ ಕಣಗಳು ಅಂಟಿಕೊಂಡು ಕಲ್ಲುಗಳಾದವು, ಕಲ್ಲುಗಳು ಕೂಡಿ ಬೆಟ್ಟದ ಗಾತ್ರದ ಕಾಯಗಳಾದವು, ಅವು ಪರಸ್ಪರ ಡಿಕ್ಕಿ ಹೊಡೆದು ಚಂದ್ರನಷ್ಟು, ಮಂಗಳನಷ್ಟು ದೊಡ್ಡ ಎಳೆಯ ಗ್ರಹಗಳಾದವು. ಇಂತಹ ಹತ್ತಾರು ಎಳೆಗ್ರಹಗಳು ಇಂದು ಬುಧ, ಶುಕ್ರ, ಭೂಮಿ ಮತ್ತು ಮಂಗಳ ಗ್ರಹಗಳಿರುವ ಅಂಗಳದಲ್ಲಿ ಅಡ್ಡಾದಿಡ್ಡಿಯಾಗಿ ಸುತ್ತುತ್ತಿದ್ದವು ಎಂಬುದು ವಿಜ್ಞಾನಿಗಳ ಅಂದಾಜು. ಘರ್ಷಣೆ ಅನಿವಾರ್ಯವಾಗಿತ್ತು. ಇಂದಿನ ಭೂಮಿ ಅಂತಹ ಅನೇಕ ಡಿಕ್ಕಿಗಳ ಒಟ್ಟು ಮೊತ್ತ.

ಪ್ರತಿ ಡಿಕ್ಕಿಯೂ ಅಪಾರ ಶಾಖ ಹುಟ್ಟಿಸಿ ಶಿಲೆಯನ್ನು ಕರಗಿಸುತ್ತಿತ್ತು. ಆಗ ಏನಾಗುತ್ತದೆ ಎಂಬುದನ್ನು ತಿಳಿಯಲು ಕೊಪ್ಪಳದವರು ದೂರ ಹೋಗಬೇಕಿಲ್ಲ. ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಊದುಕುಲುಮೆಯನ್ನು ನೆನೆದರೆ ಸಾಕು. ಅದಿರು ಕರಗಿದಾಗ ಭಾರವಾದ ಕಬ್ಬಿಣ ತಳಕ್ಕಿಳಿಯುತ್ತದೆ, ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ಎಳೆಯ ಭೂಮಿಯಲ್ಲಿಯೂ ಕಬ್ಬಿಣ ಕೇಂದ್ರಕ್ಕಿಳಿದು ತಿರುಳಾಯಿತು, ಕಲ್ಲಿನ ಭಾಗ ಸುತ್ತಲಿನ ಕವಚವಾಯಿತು. ಭೂಮಿಯ ಒಟ್ಟು ತೂಕದ ಸುಮಾರು ಮೂರನೇ ಒಂದು ಭಾಗ ಈ ತಿರುಳಿನಲ್ಲಿದೆ.

ಥಿಯಾ ಎಂಬ ಅತಿಥಿ

ಈ ಸರಣಿಯ ಕೊನೆಯ ಮಹಾಡಿಕ್ಕಿಯೇ ಚಂದ್ರನ ಜನ್ಮಕ್ಕೆ ಕಾರಣವೆಂದು ಇಂದು ಬಹುಪಾಲು ವಿಜ್ಞಾನಿಗಳು ಒಪ್ಪುತ್ತಾರೆ. ಮಂಗಳ ಗ್ರಹದಷ್ಟು, ಎಂದರೆ ಇಂದಿನ ಭೂಮಿಯ ಅರ್ಧದಷ್ಟು ಅಡ್ಡಗಲದ ಕಾಯವೊಂದು ಓರೆಯಾಗಿ ಬಂದು ಭೂಮಿಗೆ ಅಪ್ಪಳಿಸಿತು. ವೇಗ ಸೆಕೆಂಡಿಗೆ 9 ಕಿ.ಮೀ.ಗೂ ಹೆಚ್ಚು. ಈ ಕಾಯಕ್ಕೆ ಥಿಯಾ ಎಂದು ಹೆಸರಿಡಲಾಗಿದೆ. ಗ್ರೀಕ್ ಪುರಾಣದಲ್ಲಿ ಥಿಯಾ ಚಂದ್ರದೇವತೆ ಸೆಲೀನಿಯ ತಾಯಿ.

ಡೈನೋಸಾರ್‌ಗಳ ಅಳಿವಿಗೆ ಕಾರಣವೆಂದು ನಂಬಲಾದ, 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊ ಬಳಿ ಬಿದ್ದ ಕ್ಷುದ್ರಗ್ರಹದ ಅಡ್ಡಗಲ ಸುಮಾರು 10 ಕಿ.ಮೀ. ಥಿಯಾದ ಅಡ್ಡಗಲ ಆರು ಸಾವಿರ ಕಿ.ಮೀ.ಗೂ ಮಿಗಿಲು. ಅದರ ಪೆಟ್ಟಿಗೆ ಕುಳಿ ಬೀಳಲಿಲ್ಲ, ಇಡೀ ಗ್ರಹವೇ ಕರಗಿತು. ಥಿಯಾದ ಕಬ್ಬಿಣದ ತಿರುಳು ಭೂಮಿಯ ತಿರುಳಿನಲ್ಲಿ ಬೆರೆಯಿತು. ಕರಗಿದ ಕಲ್ಲು ಮತ್ತು ಕಲ್ಲಿನ ಆವಿ ಆಕಾಶಕ್ಕೆ ಚಿಮ್ಮಿ ಭೂಮಿಯ ಸುತ್ತ ತಿರುಗತೊಡಗಿ, ಅದೇ ಒಟ್ಟುಗೂಡಿ ಚಂದ್ರನಾಯಿತು. ಇದಕ್ಕೆ ಕೆಲವು ತಿಂಗಳಿಂದ ನೂರು ವರ್ಷ ಹಿಡಿದಿರಬಹುದೆಂದು ಹಿಂದೆ ಅಂದಾಜಿಸಲಾಗಿತ್ತು. ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಗಣಕಯಂತ್ರದ ಮಾದರಿಯಲ್ಲಿ ಕೆಲವೇ ಗಂಟೆಗಳು ಸಾಕಾದವು.

ಆಗ ಚಂದ್ರ ಭೂಮಿಗೆ ಬಹಳ ಹತ್ತಿರವಿದ್ದ. ಇಂದಿನ ಸರಾಸರಿ ಅಂತರ 3,84,400 ಕಿ.ಮೀ. ಅಂದಿನದು ಇಪ್ಪತ್ತು, ಮೂವತ್ತು ಸಾವಿರ ಕಿ.ಮೀ. ಮಾತ್ರ. ನೋಡುವವರು ಯಾರಾದರೂ ಇದ್ದಿದ್ದರೆ ಈಗಿನದಕ್ಕಿಂತ ಸುಮಾರು ಹದಿನೈದು ಪಟ್ಟು ಅಗಲವಾದ ಬಿಂಬ ಕಾಣುತ್ತಿತ್ತು. ಭೂಮಿಯ ದಿನ ಐದಾರು ಗಂಟೆಗಳಷ್ಟೇ ಇತ್ತು.

ವಾದ ಬದಲಿಸಿದ ಕಲ್ಲುಗಳು

ಚಂದ್ರನ ಹುಟ್ಟಿನ ಬಗ್ಗೆ ಹಿಂದೆ ಮೂರು ವಾದಗಳಿದ್ದವು. ವೇಗವಾಗಿ ತಿರುಗುತ್ತಿದ್ದ ಭೂಮಿಯಿಂದಲೇ ಒಂದು ಭಾಗ ಸಿಡಿದು ಚಂದ್ರನಾಯಿತು ಎಂದು 1879ರಲ್ಲಿ ಹೇಳಿದವರು ಜಾರ್ಜ್ ಡಾರ್ವಿನ್. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಪುತ್ರ. ಬೇರೆಲ್ಲೋ ಹುಟ್ಟಿದ ಚಂದ್ರನನ್ನು ಭೂಮಿ ಸೆರೆಹಿಡಿಯಿತು ಎಂಬುದು ಎರಡನೆಯ ವಾದ. ಎರಡೂ ಅವಳಿಗಳಂತೆ ಒಟ್ಟಿಗೆ ಬೆಳೆದವು ಎಂಬುದು ಮೂರನೆಯದು.

1969ರಿಂದ 1972ರ ವರೆಗೆ ಅಪೊಲೊ ಯಾತ್ರಿಗಳು ಹೊತ್ತು ತಂದ 382 ಕೆ.ಜಿ. ಕಲ್ಲು ಮಣ್ಣು ಈ ಮೂರನ್ನೂ ಇಕ್ಕಟ್ಟಿಗೆ ಸಿಲುಕಿಸಿತು. ಚಂದ್ರನ ಕಲ್ಲಿನಲ್ಲಿರುವ ಆಮ್ಲಜನಕದ ಐಸೊಟೋಪ್‌ಗಳ ಪ್ರಮಾಣ ಭೂಮಿಯದರೊಂದಿಗೆ ಹೊಂದುತ್ತಿತ್ತು. ಬೇರೆಡೆಯಿಂದ ಬಂದ ಉಲ್ಕಾಶಿಲೆಗಳಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಹಾಗಾಗಿ ಸೆರೆಹಿಡಿದ ವಾದ ಸಡಿಲವಾಯಿತು. ಭೂಮಿಯ ಸಾಂದ್ರತೆ ನೀರಿನ ಐದೂವರೆ ಪಟ್ಟು, ಚಂದ್ರನದು ಮೂರೂಕಾಲು ಪಟ್ಟು ಚಿಲ್ಲರೆ. ಅಂದರೆ ಚಂದ್ರನಲ್ಲಿ ಕಬ್ಬಿಣ ಬಹಳ ಕಡಿಮೆ. ಅವಳಿಗಳಾಗಿದ್ದರೆ ಒಬ್ಬರಿಗೆ ಕಬ್ಬಿಣವೆಲ್ಲ, ಇನ್ನೊಬ್ಬರಿಗೆ ಬರೀ ಕಲ್ಲು ಸಿಕ್ಕಿದ್ದು ಹೇಗೆ? ಇನ್ನು ಸಿಡಿದು ಹೋಗಲು ಬೇಕಾದಷ್ಟು ವೇಗದಲ್ಲಿ ಭೂಮಿ ತಿರುಗುತ್ತಿತ್ತು ಎನ್ನುವುದಕ್ಕೂ ಆಧಾರ ಸಿಗಲಿಲ್ಲ.

1975ರಲ್ಲಿ ಅಮೆರಿಕದ ವಿಲಿಯಂ ಹಾರ್ಟ್‌ಮನ್ ಮತ್ತು ಡೊನಾಲ್ಡ್ ಡೇವಿಸ್, ಮರುವರ್ಷ ಅಲ್‌ಸ್ಟೇರ್ ಕ್ಯಾಮರಾನ್ ಮತ್ತು ವಿಲಿಯಂ ವಾರ್ಡ್ ಮಹಾಡಿಕ್ಕಿಯ ವಾದವನ್ನು ಮುಂದಿಟ್ಟರು. ಓರೆಯಾಗಿ ಬಡಿದರೆ ಹೊರಗೆ ಚಿಮ್ಮುವುದು ಮುಖ್ಯವಾಗಿ ಕಲ್ಲಿನ ಕವಚ, ಕಬ್ಬಿಣ ಒಳಗೇ ಉಳಿಯುತ್ತದೆ. ಕಬ್ಬಿಣದ ಕೊರತೆಗೆ ಉತ್ತರ ದೊರೆಯಿತು. ಆರಂಭದಲ್ಲಿ ಈ ವಾದಕ್ಕೆ ಹೆಚ್ಚಿನ ಗಮನ ಸಿಗಲಿಲ್ಲ. 1984ರಲ್ಲಿ ಹವಾಯಿಯ ಕೋನಾದಲ್ಲಿ ಚಂದ್ರನ ಹುಟ್ಟಿನ ಬಗ್ಗೆಯೇ ನಡೆದ ವಿಜ್ಞಾನಿಗಳ ಸಮಾವೇಶದ ನಂತರ ಅದು ಮುನ್ನೆಲೆಗೆ ಬಂತು.

ಪ್ರಜ್ಞಾನ್ ಓದಿದ ಸಾಲು

ಮಹಾಡಿಕ್ಕಿಯಲ್ಲಿ ಚಂದ್ರ ಹುಟ್ಟಿದ್ದರೆ ಆರಂಭದಲ್ಲಿ ಅದರ ಮೇಲ್ಭಾಗವೆಲ್ಲ ಕರಗಿದ ಕಲ್ಲಿನ ಸಾಗರವಾಗಿರಬೇಕು. ಅದು ತಣಿಯುವಾಗ ಭಾರದ ಖನಿಜಗಳು ತಳಕ್ಕಿಳಿದು, ಹಗುರವಾದವು ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲೆ ತೇಲಬೇಕು. ಆ ಕೆನೆಯೇ ಅನಾರ್ಥೊಸೈಟ್ ಎಂಬ ಬಿಳಿ ಕಲ್ಲು. ಅಪೊಲೊ 11 ತಂದ ಮಣ್ಣಿನಲ್ಲಿ ಇದರ ಚೂರುಗಳು ಸಿಕ್ಕಿದ್ದರಿಂದ 1970ರಲ್ಲಿಯೇ ಈ ಊಹೆ ಹುಟ್ಟಿತು. 2008ರಲ್ಲಿ ಇಸ್ರೊ ಹಾರಿಸಿದ ಚಂದ್ರಯಾನ-1 ನೌಕೆಯಲ್ಲಿದ್ದ ಉಪಕರಣಗಳು ಕಕ್ಷೆಯಿಂದಲೇ ಈ ಕಲ್ಲಿನ ಗುರುತುಗಳನ್ನು ಕಂಡಿದ್ದವು. ಆದರೆ ನೆಲಕ್ಕಿಳಿದು ಪರೀಕ್ಷಿಸಿದ ಜಾಗಗಳೆಲ್ಲ ಚಂದ್ರನ ಸಮಭಾಜಕ ಮತ್ತು ಮಧ್ಯ ಅಕ್ಷಾಂಶಗಳಲ್ಲಿದ್ದವು. ಧ್ರುವದ ಕಡೆಗೂ ಇದೇ ಕೆನೆ ಇದೆಯೇ? ಇದ್ದರೆ ಮಾತ್ರ ಸಾಗರ ಚಂದ್ರನನ್ನೆಲ್ಲ ಆವರಿಸಿತ್ತು ಎನ್ನಬಹುದು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಲ್ಲಿ ಕೈಚಪ್ಪಾಳೆ ಮೊಳಗಿತು, ರಾಜ್ಯದೆಲ್ಲೆಡೆ ಪಟಾಕಿ ಸಿಡಿಯಿತು. ಸಂಭ್ರಮದ ಸುದ್ದಿಯಲ್ಲಿ ಹಿಂದೆ ಸರಿದದ್ದು ಮುಂದಿನ ಹತ್ತು ದಿನಗಳ ಕೆಲಸ. 26 ಕೆ.ಜಿ. ತೂಕದ ಪ್ರಜ್ಞಾನ್ ಬಂಡಿ ನೂರು ಮೀಟರಿನಷ್ಟು ದೂರ ಚಲಿಸಿ, 23 ಕಡೆ ನಿಂತು, ಮಣ್ಣಿನ ರಾಸಾಯನಿಕ ಪರೀಕ್ಷೆ ನಡೆಸಿತು. ಅದರಲ್ಲಿದ್ದ ಉಪಕರಣವನ್ನು ರೂಪಿಸಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ. ಕ್ಯೂರಿಯಂ ಎಂಬ ವಿಕಿರಣಶೀಲ ಧಾತುವಿನಿಂದ ಹೊರಟ ಆಲ್ಫಾ ಕಣಗಳು ಮತ್ತು ಎಕ್ಸ್-ಕಿರಣಗಳು ಮಣ್ಣಿಗೆ ತಾಗಿದಾಗ ಅದರಲ್ಲಿನ ಪ್ರತಿ ಧಾತುವೂ ತನ್ನದೇ ಗುರುತಿನ ಎಕ್ಸ್-ಕಿರಣ ಹೊರಸೂಸುತ್ತದೆ. ಅದನ್ನು ಅಳೆದರೆ ಯಾವ ಧಾತು ಎಷ್ಟಿದೆ ಎಂದು ತಿಳಿಯುತ್ತದೆ.

ಫಲಿತಾಂಶ 2024ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 23 ಕಡೆಯೂ ಮಣ್ಣಿನ ಸಂಯೋಜನೆ ಬಹುತೇಕ ಒಂದೇ, ಅದರಲ್ಲಿ ಪ್ರಧಾನವಾದುದು ಅದೇ ಬಿಳಿ ಕಲ್ಲು. ಶಿಲಾರಸದ ಸಾಗರ ಚಂದ್ರನನ್ನೆಲ್ಲ ಆವರಿಸಿತ್ತು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಇನ್ನೊಂದು ಸಂಗತಿಯೂ ಹೊರಬಿತ್ತು. ಮಣ್ಣಿನಲ್ಲಿ ಮೆಗ್ನೀಷಿಯಂ ನಿರೀಕ್ಷೆಗಿಂತ ಹೆಚ್ಚಿತ್ತು. ಇದು ಆಳದ ಪದರಗಳಿಂದ ಬಂದದ್ದಿರಬೇಕು. ಇಳಿದ ಜಾಗದಿಂದ ಸುಮಾರು 350 ಕಿ.ಮೀ. ದೂರದಲ್ಲಿ ದಕ್ಷಿಣ ಧ್ರುವ-ಐಟ್ಕನ್ ಎಂಬ ಮಹಾಕುಳಿಯ ಅಂಚಿದೆ. ಸುಮಾರು 2500 ಕಿ.ಮೀ. ಅಗಲದ ಈ ಕುಳಿ ಬಿದ್ದಾಗ ಚಂದ್ರನ ಒಡಲಾಳದ ಕಲ್ಲು ಮೇಲೆ ಚೆಲ್ಲಿ ಇಲ್ಲಿಯವರೆಗೂ ಹರಡಿತು ಎಂಬುದು ತಂಡದ ವಿವರಣೆ. ಹೀಗೆ ಪ್ರಜ್ಞಾನ್ ಒಂದೇ ಹಿಡಿ ಮಣ್ಣಿನಲ್ಲಿ ಎರಡು ಘಟನೆಗಳ ಗುರುತು ಕಂಡಿತು: ಚಂದ್ರನ ಹುಟ್ಟು ಮತ್ತು ಆ ಬಳಿಕ ಅದಕ್ಕೆ ಬಿದ್ದ ಪೆಟ್ಟು. ಚೀನಾದ ಚಾಂಗ್-6 ನೌಕೆ 2024ರ ಜೂನ್‌ನಲ್ಲಿ ಈ ಕುಳಿಯಿಂದಲೇ ಸುಮಾರು ಎರಡು ಕೆ.ಜಿ. ಮಾದರಿ ತಂದಿತು. ಅದರ ಆಧಾರದ ಮೇಲೆ ಕುಳಿಯ ವಯಸ್ಸು 425 ಕೋಟಿ ವರ್ಷ ಎಂದು ಲೆಕ್ಕ ಹಾಕಲಾಗಿದೆ.

ಚಂದ್ರನ ಮೊಲ

ಬರಿಗಣ್ಣಿಗೆ ಕಾಣುವ ಗುರುತುಗಳೂ ಇದೇ ಕಥೆಯ ಭಾಗ. ಬಿಂಬದ ಬೆಳ್ಳಗಿನ ಭಾಗ ಆ ಹಳೆಯ ಕೆನೆ. ನಾವು ಮೊಲವೆಂದು ಮಕ್ಕಳಿಗೆ ತೋರಿಸುವ ಕಪ್ಪು ಕಲೆಗಳು ದೊಡ್ಡ ದೊಡ್ಡ ಡಿಕ್ಕಿಗಳಿಂದಾದ ಕುಳಿಗಳು. ಬಳಿಕ ಒಳಗಿನಿಂದ ಉಕ್ಕಿದ ಲಾವಾ ಅವುಗಳಲ್ಲಿ ತುಂಬಿ ಕಪ್ಪು ಬಸಾಲ್ಟ್ ಶಿಲೆಯಾಯಿತು. ವಿಜಯಪುರದ ಕಡೆ ಕಾಣುವ ಕಪ್ಪು ಕಲ್ಲೂ ಬಸಾಲ್ಟ್ ಜಾತಿಯದೇ. ಚಂದ್ರನ ಮೇಲೆ ಇಷ್ಟು ಪೆಟ್ಟು ಬಿದ್ದಿದ್ದರೆ ಅದಕ್ಕಿಂತ ದೊಡ್ಡದಾದ, ಹೆಚ್ಚು ಗುರುತ್ವವುಳ್ಳ ಭೂಮಿಗೆ ಬಿದ್ದವು ಇನ್ನೂ ಹೆಚ್ಚು. ಆದರೆ ಅವುಗಳ ಕುಳಿಗಳು ಇಲ್ಲಿ ಅಳಿಸಿಹೋಗಿವೆ. ನೆರೆಯ ಮಹಾರಾಷ್ಟ್ರದ ಲೋಣಾರ್ ಸರೋವರ ಉಲ್ಕೆ ಬಿದ್ದು ಆದ ಕುಳಿಯೇ ಹೌದು. ಅದು ಇತ್ತೀಚಿನದು, ಅಗಲ ಎರಡು ಕಿ.ಮೀ.ಗೂ ಕಡಿಮೆ.

ಬಗೆಹರಿಯದ ತೊಡಕು

ಎಲ್ಲವೂ ಇತ್ಯರ್ಥವಾಗಿದೆ ಎಂದಲ್ಲ. ಮೊದಲ ಗಣಕ ಮಾದರಿಗಳ ಪ್ರಕಾರ ಚಂದ್ರನ ಬಹುಭಾಗ ಥಿಯಾದಿಂದ ಬಂದಿರಬೇಕಿತ್ತು. ಹಾಗಿದ್ದರೆ ಅದರ ಕಲ್ಲು ಭೂಮಿಯ ಕಲ್ಲಿಗೆ ಇಷ್ಟೊಂದು ಹೋಲುವುದು ಹೇಗೆ? ಥಿಯಾ ಭೂಮಿಯ ನೆರೆಯಲ್ಲಿಯೇ ಹುಟ್ಟಿ ಅದೇ ಸಾಮಗ್ರಿಯಿಂದ ಆಗಿತ್ತು ಎನ್ನುವವರಿದ್ದಾರೆ. ಡಿಕ್ಕಿ ಇನ್ನೂ ಭೀಕರವಾಗಿದ್ದು ಎರಡೂ ಆವಿಯಾಗಿ ಪೂರ್ತಿ ಬೆರೆತವು ಎನ್ನುವವರೂ ಇದ್ದಾರೆ. ಭೂಮಿಯ ಆಳದಲ್ಲಿ, ಆಫ್ರಿಕಾ ಮತ್ತು ಪೆಸಿಫಿಕ್ ಸಾಗರದ ಕೆಳಗೆ, ಖಂಡಗಳಷ್ಟು ದೊಡ್ಡ ಎರಡು ವಿಚಿತ್ರ ರಾಶಿಗಳು ಭೂಕಂಪದ ಅಲೆಗಳ ಅಧ್ಯಯನದಲ್ಲಿ ಕಂಡಿವೆ. ಅವು ಥಿಯಾದ ಅವಶೇಷಗಳೇ ಇರಬಹುದೆಂದು 2023ರಲ್ಲಿ ವಿಜ್ಞಾನಿಗಳ ತಂಡವೊಂದು ವಾದಿಸಿತು. ಡಿಕ್ಕಿ ನಡೆದ ಕಾಲದ ಬಗ್ಗೆಯೂ ಸೌರಮಂಡಲ ಹುಟ್ಟಿದ ಆರು ಕೋಟಿ ವರ್ಷದಿಂದ ಇಪ್ಪತ್ತು ಕೋಟಿ ವರ್ಷದವರೆಗೆ ಬೇರೆಬೇರೆ ಲೆಕ್ಕಗಳಿವೆ.

ನಮಗೇನು ಸಿಕ್ಕಿತು?

ಭೂಮಿಯ ಅಕ್ಷ 23 ಡಿಗ್ರಿ ಚಿಲ್ಲರೆ ವಾಲಿದೆ. ಈ ವಾಲುವಿಕೆಗೆ ಆರಂಭದ ಮಹಾಡಿಕ್ಕಿಗಳೇ ಕಾರಣವೆಂದು ತಿಳಿಯಲಾಗಿದೆ. ವಾಲುವಿಕೆಯಿಂದ ಋತುಗಳು. ಬೇಸಿಗೆಯಲ್ಲಿ ಉತ್ತರಾರ್ಧಗೋಳದ ನೆಲ ಕಾದು, ಸಾಗರದ ತೇವದ ಗಾಳಿ ಒಳನುಗ್ಗಿ ಮುಂಗಾರು ಬರುತ್ತದೆ. ತುಂಗಭದ್ರಾ ಜಲಾಶಯ ತುಂಬುವುದು, ಗಂಗಾವತಿಯ ಭತ್ತದ ಗದ್ದೆಗಳಿಗೆ ಕಾಲುವೆ ನೀರು ಹರಿಯುವುದು ಈ ಸರಪಳಿಯ ಕೊನೆಯ ಕೊಂಡಿಗಳು. ಚಂದ್ರನ ಸೆಳೆತ ಈ ವಾಲುವಿಕೆ ಅತಿಯಾಗಿ ಏರುಪೇರಾಗದಂತೆ ತಡೆಯುತ್ತದೆ ಎಂಬ ಲೆಕ್ಕಾಚಾರವೂ ಇದೆ.

ಸಮುದ್ರದ ಉಬ್ಬರವಿಳಿತದ ಮೂಲಕ ಚಂದ್ರ ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತಾ ತಾನು ದೂರ ಸರಿಯುತ್ತಿದ್ದಾನೆ. ಅಪೊಲೊ ಯಾತ್ರಿಗಳು ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಕಿರಣ ಹಾಯಿಸಿ ಅಳೆದಾಗ ವರ್ಷಕ್ಕೆ 3.8 ಸೆಂ.ಮೀ. ಎಂದು ತಿಳಿದಿದೆ. ಐದಾರು ಗಂಟೆಯ ದಿನ 24 ಗಂಟೆಯಾದದ್ದು ಹೀಗೆ.

ಇನ್ನೊಂದು ಕೊಡುಗೆ ನೆರೆಯ ರಾಯಚೂರು ಜಿಲ್ಲೆಯಲ್ಲಿದೆ. ಅದು ಹಟ್ಟಿಯ ಚಿನ್ನ. ಚಿನ್ನ ಕಬ್ಬಿಣದ ಜೊತೆ ಸುಲಭವಾಗಿ ಬೆರೆಯುವ ಲೋಹ. ಎಳೆಯ ಭೂಮಿ ಕರಗಿದಾಗ ಅದರಲ್ಲಿದ್ದ ಚಿನ್ನದ ಬಹುಪಾಲು ಕಬ್ಬಿಣದೊಂದಿಗೆ ತಿರುಳಿಗೆ ಇಳಿದು ಹೋಗಿರಬೇಕು. ಹಾಗಾದರೆ ಮೇಲೆ ಸಿಗುವ ಚಿನ್ನ ಎಲ್ಲಿಂದ ಬಂತು? ತಿರುಳು ರೂಪುಗೊಂಡ ಬಳಿಕ ಬಿದ್ದ ಉಲ್ಕಾಶಿಲೆಗಳು, ಕ್ಷುದ್ರಗ್ರಹಗಳು ಅದನ್ನು ತಂದು ಕವಚಕ್ಕೆ ಸೇರಿಸಿದವು ಎಂಬುದು ಬಹಳ ಮಂದಿ ಒಪ್ಪುವ ವಿವರಣೆ. ಗ್ರೀನ್‌ಲ್ಯಾಂಡಿನ ಪ್ರಾಚೀನ ಶಿಲೆಗಳಲ್ಲಿ ಟಂಗ್‌ಸ್ಟನ್ ಐಸೊಟೋಪ್‌ಗಳನ್ನು ಅಳೆದ ಬ್ರಿಟನ್ನಿನ ಸಂಶೋಧಕರು 2011ರಲ್ಲಿ ಇದನ್ನು ಬೆಂಬಲಿಸುವ ಆಧಾರ ನೀಡಿದರು. ಆಮೇಲೆ ಭೂಗರ್ಭದ ಬಿಸಿನೀರಿನ ದ್ರಾವಣಗಳು ಚಿನ್ನವನ್ನು ಬಂಡೆಯ ಬಿರುಕುಗಳಲ್ಲಿ ಕಲೆಹಾಕಿದವು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಕೆಲಸ ಮುಂದುವರಿದಿದೆ. ಆ ವಿವರಣೆ ಸರಿಯಾದರೆ ಹಟ್ಟಿಯ ಕಾರ್ಮಿಕ ನೆಲದಾಳದಿಂದ ಮೇಲೆತ್ತುವ ಚಿನ್ನ ಒಂದು ಕಾಲದಲ್ಲಿ ಆಕಾಶದಿಂದ ಬಿದ್ದದ್ದು. ಈ ಸೀಮೆಯ ನೆಲದಲ್ಲಿ ಡಿಕ್ಕಿಗಳ ಕಾಲದಿಂದ ಉಳಿದು ಬಂದ ಕುರುಹು ಬಹುಶಃ ಅದೊಂದೇ.

ಮುಂದೆ?

ಚಂದ್ರನಿಂದ ಕಲ್ಲು ಮಣ್ಣು ತರುವ ಚಂದ್ರಯಾನ-4 ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿದೆ. ವೆಚ್ಚ 2,104 ಕೋಟಿ ರೂಪಾಯಿ. ಇಷ್ಟೊಂದು ಹಣ ವ್ಯಯಿಸಿ ಒಂದಿಷ್ಟು ಮಣ್ಣು ತರುವುದೇಕೆ ಎಂಬ ಪ್ರಶ್ನೆ ಸಹಜ. ಸ್ಥಳದಲ್ಲಿಯೇ ನಡೆಸುವ ಪರೀಕ್ಷೆಯಿಂದ ಧಾತುಗಳ ಪ್ರಮಾಣ ತಿಳಿಯಬಹುದು. ಐಸೊಟೋಪ್‌ಗಳನ್ನು ಸೂಕ್ಷ್ಮವಾಗಿ ಅಳೆದು ವಯಸ್ಸು ನಿರ್ಧರಿಸಲು ಪ್ರಯೋಗಾಲಯವೇ ಬೇಕು. ಥಿಯಾ ಎಲ್ಲಿಂದ ಬಂತು, ಯಾವಾಗ ಬಡಿಯಿತು ಎಂಬ ಉಳಿದ ಪ್ರಶ್ನೆಗಳಿಗೆ ಉತ್ತರ ಅಂತಹ ಕಲ್ಲುಗಳಲ್ಲಿಯೇ ದೊರೆಯಬೇಕು.

ಗವಿಮಠದ ಬೆಟ್ಟದ ಬಂಡೆ ಅಶೋಕನ ಅಕ್ಷರಗಳನ್ನು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದೆ. ತಾನು ಹುಟ್ಟುವ ಮೊದಲು ನಡೆದದ್ದನ್ನು ಮಾತ್ರ ಅದು ಹೇಳಲಾರದು. ಮುಂದಿನ ಜಾತ್ರೆಯ ರಾತ್ರಿ ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ ಕಾಣುವ ಬೆಳ್ಳನೆಯ ಬಿಂಬದಲ್ಲಿ ಆ ಕಥೆ ಇದೆ. ಭೂಮಿಯ ಮೊದಲ ಅಧ್ಯಾಯವನ್ನು ಓದಲು ಭೂಮಿಯಿಂದ ಹೊರಗೆ ಹೋಗಬೇಕಾಗಿ ಬಂದಿದೆ.